ಅಣ್ಣನ ಬೆಸುಗೆ, ತಂಗಿಯ ಹಳಿ

ಉಳಿಯಕ್ಕ ಅಂದರೆ ಬೀದಿಗೆಲ್ಲ ಗೊತ್ತು. ಹರೆಯದಿಂದ ಬಾಗಿಲಿಗೆ ಹೂಬಳ್ಳಿ ಕೆತ್ತಿದವಳು. ಕೋಪ ಮೂಗಿನ ತುದಿಯಲ್ಲೇ. ಮೂಗೂ ಸಣ್ಣದೇನಲ್ಲ ಬಿಡಿ. ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದ ಮೇಲೆ, ಇನ್ನು ಕೊಡತಿ ಎತ್ತಬೇಡಿ ಅಂದರು ಡಾಕ್ಟರು. ಅಣ್ಣನಿಗೆ ಅಷ್ಟೇ ಸಾಕಾಯಿತು.

"ಮನೆ ಮುಂದಿನ ನನ್ನ ಅಂಗಡೀಲಿ ಕೂತು ಚಿಲಕ ಮಾರು. ನೆರಳಿನ ಕೆಲಸ."

"ನೆರಳು ನಿನಗೇ ಇರಲಿ," ಅಂದಳು.

ಕೈ ಕೆತ್ತದಿದ್ದರೆ ಯಂತ್ರ ಕೆತ್ತಲಿ ಅಂತ ಹಟ ಹಿಡಿದಳು. ಕಂಪ್ಯೂಟರಿನಲ್ಲಿ ಬಳ್ಳಿ ಬರೆದರೆ ಅದರಂತೆ ಮರ ಕೊರೆಯುವ ಸಿಎನ್‌ಸಿ ರೂಟರು. ಕೊಳ್ಳುವ ತಾಕತ್ತಿಲ್ಲ, ಕಟ್ಟಿಕೊಳ್ಳಬೇಕು. ಅಣ್ಣ ವೆಲ್ಡರು, ಗೊಣಗುತ್ತಲೇ ಕಬ್ಬಿಣದ ಚೌಕಟ್ಟು ಬೆಸೆದುಕೊಟ್ಟ. ಯಂತ್ರ ಓಡದಿದ್ದರೆ ಚೌಕಟ್ಟು ಗುಜರಿಗೆ, ನೀನು ಅಂಗಡಿಗೆ ಅಂತ ಕರಾರೂ ಹಾಕಿದ.

ಚೌಕಟ್ಟಿನ ಎರಡು ಬದಿಗೂ ಉಕ್ಕಿನ ಹಳಿ ಕೂರಿಸಬೇಕು. ಕೊರೆಯುವ ಮೋಟಾರು ಓಡಾಡುವುದು ಅದರ ಮೇಲೆ. ಮೊದಲ ಹಳಿ ಬಿಗಿದು, ಮೋಟಾರು ಹೊತ್ತು ಅದರ ಮೇಲೆ ಜಾರಬೇಕಾದ ಬ್ಲಾಕನ್ನು ನೂಕಿದಳು. ಬೆಣ್ಣೆಯ ಹಾಗೆ ಜಾರಿದ್ದು ನಟ್ಟನಡುವೆ ಗಕ್ಕನೆ ನಿಂತಿತು. ಹಳಿ ಬಿಚ್ಚಿ, ನೆಟ್ಟನೆಯ ಉಕ್ಕಿನ ಪಟ್ಟಿಗೆ ಶಾಯಿ ಬಳಿದು ಚೌಕಟ್ಟಿನ ಮೇಲಿಟ್ಟು ಎಳೆದಳು. ಅಣ್ಣನ ಬೆಸುಗೆಯ ಹತ್ತಿರ ಮಾತ್ರ ಶಾಯಿ ಹತ್ತಿತು. ಅಲ್ಲಿ ಉಬ್ಬಿದೆ!

"ಬೋಲ್ಟು ಬಿಗಿ ಮಾಡು, ಕೂರುತ್ತೆ," ಅಂದ ಅಣ್ಣ.

"ಕೂರುತ್ತೆ, ನಿನ್ನ ಡೊಂಕು ಕಲಿತುಕೊಂಡು ಕೂರುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನೆಲ ಹಾಕಿದವನು ನೀನೇ ಅಲ್ವಾ?"

ಅವನ ಮುಖ ಕೆಂಪಾಯಿತು. ಅವನ ಬೆಸುಗೆಯನ್ನು ಈವರೆಗೆ ಯಾರೂ ಆಡಿಕೊಂಡಿರಲಿಲ್ಲ. ಅವಳು ಉಬ್ಬು ಉಜ್ಜಲು ಅರ ಎತ್ತಿಕೊಂಡದ್ದು ಕಂಡು ಕೂಗಿದ: "ಅದಕ್ಕೆ ಅರ ಮುಟ್ಟಿಸಿದೆಯೋ, ನೋಡ್ತಿರು!"

ಅವಳಿಗೆ ಭಯ ಇರಲಿಲ್ಲವೇ? ಇತ್ತು. ಹೆಚ್ಚು ಉಜ್ಜಿದರೆ ತಗ್ಗು ಬೀಳುತ್ತದೆ, ಕತೆ ಮುಗಿಯಿತು. ಆಮೇಲೆ ಬದುಕಿಡೀ ಬೇರೆಯವರ ಬಾಗಿಲಿಗೆ ಚಿಲಕ ಮಾರುವುದೇ ಗತಿ. ಆದರೂ ಅರದ ಹಿಡಿಯನ್ನು ಹೊಟ್ಟೆಗಾನಿಸಿ, ಎಡಗೈಯಲ್ಲಿ ಅದುಮಿ, ಅವನ ಕಣ್ಣೆದುರಿಗೇ ಉಜ್ಜಿದಳು. ಅವನು ಬೈಯುತ್ತಲೇ ಇದ್ದ. ಇವಳು ಉಜ್ಜುವುದು, ಶಾಯಿಪಟ್ಟಿ ಎಳೆಯುವುದು, ಮತ್ತೆ ಉಜ್ಜುವುದು. ಬೈದು ಬೈದು ಗಂಟಲೊಣಗಿ ಅವನು ನೀರು ಕುಡಿಯಲು ಹೋದ.

ತಿರುಗಿ ಬರುವಷ್ಟರಲ್ಲಿ ಪಟ್ಟಿಯ ಶಾಯಿ ಉದ್ದಕ್ಕೂ ಒಂದೇ ಸಮ ಹತ್ತಿತ್ತು. ಹಳಿ ಇಟ್ಟು, ಒಂದೊಂದು ಬೋಲ್ಟಿಗೂ ಬ್ಲಾಕನ್ನು ಓಡಿಸಿ ನೋಡಿ ಬಿಗಿದಳು. ಕೊನೆಗೆ ಮುರಿದ ಕೈಯ ಕಿರುಬೆರಳಿಂದ ನೂಕಿದಳು. ಬ್ಲಾಕು ಎಲ್ಲೂ ತಡೆಯದೆ ಆ ತುದಿ ಮುಟ್ಟಿತು. ಅವಳಿಗೆ ಅಳು ಬಂತು. ಅಣ್ಣನಿಗೆ ಕಾಣಬಾರದೆಂದು ಅತ್ತ ತಿರುಗಿ ಮೂಗು ಒರೆಸಿಕೊಂಡಳು.

ಅಣ್ಣ ತಾನೂ ನೂಕಿದ. ಮತ್ತೊಮ್ಮೆ ನೂಕಿದ. ಸೂರು ನೋಡುತ್ತಾ, "ಈಗ ಸಮಾಧಾನ ಆಯ್ತಾ, ಮಹಾತಾಯಿ?" ಅಂದ.

"ಅರ್ಧ ಆಯ್ತು."

ಅರವನ್ನು ಅವನ ಕೈಗಿಟ್ಟಳು. "ಎರಡನೇ ಹಳಿ ಕಡೆಯ ಉಬ್ಬು ನೀನೇ ತೆಗಿ."