ಬೋರ್ನಿಯೊ ಕಾಡಿನಲ್ಲಿ ಅಣ್ಣನ ಕೂಗು

ದೂರದಲ್ಲಿದ್ದವರ ದನಿ ಕಿವಿಗೆ ಬಿತ್ತು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದವನು. ಬೀದರಿನಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರ್ ಆಗಿ ಕೂದಲು ಹಣ್ಣಾದ ಮನುಷ್ಯ ನಾನು. ದೀಪ ಆರಿದರೆ ಎಲ್ಲೋ ಒಂದು ಕಡೆ ತಂತಿ ಹರಿದಿರಲೇಬೇಕು, ಹುಡುಕಿದರೆ ಸಿಗುತ್ತದೆ. ಈಗಲೂ ಹಾಗೆಯೇ ನಂಬುತ್ತೇನೆ. ಆದರೆ ಈ ಒಂದು ಸಂಗತಿಯಲ್ಲಿ ಎಷ್ಟು ಹುಡುಕಿದರೂ ನನಗೆ ಏನೂ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಅಣ್ಣನ ವಿಷಯ. ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮದು ಕುರಿ ಸಾಕುವ ಮನೆ. ಅಪ್ಪ ಬೇಗ ತೀರಿಕೊಂಡ. ನನ್ನನ್ನು ಸಾಕಿದ್ದು, ಓದಿಸಿದ್ದು ಅಣ್ಣ ಮಾಳಪ್ಪ. ನಮ್ಮ ಕಡೆ ಕುರಿ ಕಾಯುವವರಿಗೆ ಒಬ್ಬೊಬ್ಬರದು ಒಂದೊಂದು ಕೂಗು. ಒಬ್ಬನ ಕೂಗಿಗೆ ಇನ್ನೊಬ್ಬನ ಹಿಂಡು ತಲೆಯೆತ್ತಿಯೂ ನೋಡುವುದಿಲ್ಲ. ಅಣ್ಣನಿಗೆ ದಿನದ ಕೂಗಲ್ಲದೆ, ತೋಳ ಬಂದಾಗ ಕೂಗುವ ಕೂಗು ಬೇರೆಯೇ ಇತ್ತು. ಅದು ಹೊಟ್ಟೆಯಾಳದಿಂದ ಎದ್ದು, ಉದ್ದಕ್ಕೆ ಸಾಗಿ, ಕೊನೆಗೆ ಎರಡು ಸಲ ಗಕ್ಕನೆ ಮುರಿಯುತ್ತಿತ್ತು. ಅದು ಕೇಳಿದರೆ ಸಾಕು, ಹಿಂಡೆಲ್ಲ ಬಾಯಲ್ಲಿನ ಹುಲ್ಲನ್ನೂ ನುಂಗದೆ ಅವನತ್ತ ಓಡುತ್ತಿತ್ತು. ಸಣ್ಣವನಿದ್ದಾಗ ಮರಿಗಳ ಜೊತೆ ನಾನೂ ಓಡಿ ಹೋಗಿ ಅವನ ಕಂಬಳಿಯೊಳಗೆ ನುಗ್ಗುತ್ತಿದ್ದೆ.

ಮುಂದೆ ಅಣ್ಣನ ಗಂಟಲಿಗೆ ಕೆಟ್ಟ ಗಡ್ಡೆಯಾಯಿತು. ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವನು ಕುತ್ತಿಗೆಯಲ್ಲಿನ ತೂತಿನಿಂದ ಉಸಿರಾಡುತ್ತಾನೆ. ಹಿಂಡನ್ನು ಅತ್ತಿಗೆ ನೋಡಿಕೊಳ್ಳುತ್ತಾಳೆ, ಅವನು ಸುಮ್ಮನೆ ಹಿಂದೆ ಹೋಗುತ್ತಾನೆ.

ನನ್ನ ಹೆಂಡತಿ ಸುನಂದಾ ಕಮಲನಗರದವಳು. ಭಾಲ್ಕಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಒರಾಂಗುಟಾನ್ ಎಂದರೆ ಅವಳಿಗೆ ಪ್ರಾಣ. ನಮ್ಮ ಅಡುಗೆಮನೆಯ ಗೋಡೆಯ ಮೇಲೂ ಅದರದೇ ಚಿತ್ರ. "ಇವರು ನಿಮ್ಮ ತವರಮನಿಯವರೇನು?" ಎಂದು ನಾನು ಚುಡಾಯಿಸಿದರೆ, "ಹೂಂನ್ರಿ, ನಿಮಗಿಂತ ಶಾಣ್ಯಾ ಅದಾರ" ಎನ್ನುತ್ತಿದ್ದಳು. ನಿವೃತ್ತಿಯಾದ ವರ್ಷ ಒಂದೇ ಮಾತು ಹಿಡಿದು ಕುಳಿತಳು. "ಕಾಡ ಪೂರಾ ಕಡಿಲತ್ತಾರ್ರಿ. ಅವು ಇರೂದ್ರಾಗೇ ಒಮ್ಮೆ ಅವುಗಳ ಕಾಡಿನ್ಯಾಗೇ ನೋಡಿ ಬರೂಣು. ಪಂಜರದಾಗ ನನಗ ಬ್ಯಾಡ." ಅವಳಿಗೆ ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ, ಹೊರಟೆವು.

ಬೋರ್ನಿಯೊದ ಕಾಡಿನಲ್ಲಿ ಮೊದಲೆರಡು ದಿನ ನಾವು ಕಂಡಿದ್ದು ಜಿಗಣೆಗಳನ್ನು ಮಾತ್ರ. ಅಲ್ಲಿನ ಸೆಕೆಯಲ್ಲಿ ಬಟ್ಟೆ ಒಣಗುತ್ತಲೇ ಇರಲಿಲ್ಲ, ನಾನು ಗೊಣಗುತ್ತಿದ್ದೆ. ಮರುದಿನ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿರುವಾಗ ನಮ್ಮ ಗೈಡ್, ಆ ಕಡೆಯವನೇ ಆದ ಒಬ್ಬ ವಯಸ್ಸಾದ ಮನುಷ್ಯ, ಕೈಯೆತ್ತಿ ನಿಲ್ಲಿಸಿದ. ಬಲು ಎತ್ತರದಲ್ಲಿ, ಎಲೆಗಳ ನಡುವೆ, ನಮ್ಮ ಬೀದರ ಮಣ್ಣಿನಂಥ ಕೆಂಪು ಕೂದಲು. ತಾಯಿಯೊಂದು ಮರಿಯನ್ನು ಎದೆಗವಚಿ ಕುಳಿತಿತ್ತು. ಸುನಂದಾಳ ಕಣ್ಣಲ್ಲಿ ನೀರು. "ಕೂಸಿನ ತಲಿ ಮ್ಯಾಲ ಕೈ ಹ್ಯಾಂಗ ಇಟ್ಟದ ನೋಡ್ರಿ" ಎಂದು ಪಿಸುಗುಟ್ಟಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿಯೇ ಇರಲಿಲ್ಲ.

ಆಗ ಕೂಗು ಕೇಳಿಸಿತು. ನಾವು ಬಂದ ದಾರಿಯ ಕಡೆಯಿಂದ, ಉದ್ದಕ್ಕೆ ಸಾಗಿ ಬಂದು, ಕೊನೆಗೆ ಎರಡು ಸಲ ಗಕ್ಕನೆ ಮುರಿಯಿತು.

ನಾನು ಯೋಚನೆ ಮಾಡಲಿಲ್ಲ. ಕಾಲುಗಳು ತಾವಾಗಿಯೇ ಓಡಿದವು. ಹಿಂದಿನಿಂದ ಸುನಂದಾಳ ದನಿ ಬಂತು, "ಗಂಡು ಒರಾಂಗುಟಾನ್ ಕೂಗ್ತದ್ರೀ! ಎಲ್ಲಿ ಅದ?" ತಿರುಗಿ ನೋಡಿದೆ. ಅವಳು ನಿಂತಲ್ಲೇ ನಿಂತು, ನಗುತ್ತಾ, ದುರ್ಬೀನನ್ನು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದಳು. ಎಲೆಯೂ ಅಲುಗದ ಆ ಹೊತ್ತಿನಲ್ಲಿ ಮೇಲೆ ಏನೋ ಲಟಲಟ ಮುರಿಯಿತು. ಒಣಗಿದ ದೊಡ್ಡ ಕೊಂಬೆ, ನಾವಿಬ್ಬರೂ ನಿಂತಿದ್ದ ಜಾಗಕ್ಕೇ ಬಿತ್ತು. ಹೊಳೆಯಲ್ಲಿ ನಾವು ಬಂದಿದ್ದ ದೋಣಿಯ ಹತ್ತಿರ ಹೊತ್ತು ತರುವ ಮೊದಲೇ ಅವಳ ಉಸಿರು ನಿಂತಿತ್ತು.

ತುಸು ಮುಂದೆ ನಿಂತಿದ್ದ ಗೈಡ್‌ಗೆ ಯಾವ ಕೂಗೂ ಕೇಳಿಸಿರಲಿಲ್ಲವಂತೆ. ಕೊಂಬೆ ಮುರಿದ ಸಪ್ಪಳವೊಂದೇ ಕೇಳಿತು ಎಂದ. ಮತ್ತೆ ಮತ್ತೆ ಕೇಳಿದರೂ ಅದನ್ನೇ ಹೇಳಿದ.

ಅವಳನ್ನು ಊರಿಗೆ ತಂದು ಮಣ್ಣು ಮಾಡಿದೆವು. ಆ ಮೇಲೊಂದು ದಿನ ಅತ್ತಿಗೆ ನನ್ನ ಪಕ್ಕದಲ್ಲಿ ಕುಳಿತು, ಹೇಳಲೋ ಬೇಡವೋ ಎನ್ನುತ್ತಾ ಹೇಳಿದಳು. "ತಮ್ಮಾ, ಆವತ್ತ ಮುಂಜಾನಿ ಕುರಿ ಬಿಟ್ಟಿದ್ವಿ. ನಿಮ್ಮಣ್ಣ ಒಮ್ಮಿಗೇ ಎದ್ದು ನಿಂತು ಬಾಯಿ ತೆರದ. ಕುತ್ತಿಗಿ ನರ ಎಲ್ಲಾ ಉಬ್ಬಿ ಬಂದಿದ್ವು. ದನಿ ಎಲ್ಲಿಂದ ಬರಬೇಕು ಹೇಳು? ನನಗೇನೂ ಕೇಳಿಲ್ಲ. ಆದ್ರ ಹಿಂಡ ಪೂರಾ ಓಡಿ ಬಂದು ಅವನ ಸುತ್ತ ನಿಂತುಬಿಡ್ತು. ತೋಳ ಬಂದಾಗ ನಿಂತಂಗ."

ನಮ್ಮಲ್ಲಿ ಮುಂಜಾನೆ ಕುರಿ ಬಿಡುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಸಮೀಪಿಸಿರುತ್ತದೆ. ಗಂಡು ಒರಾಂಗುಟಾನ್ ದೂರಕ್ಕೆ ಕೇಳುವಂತೆ ಉದ್ದಕ್ಕೆ ಕೂಗುವುದೂ ನಿಜ. ಅದೇ ನನಗೆ ಅಣ್ಣನ ಕೂಗಿನಂತೆ ಕೇಳಿರಬಹುದು. ಕುರಿಗಳು ಇನ್ನಾವುದಕ್ಕೋ ಬೆದರಿರಬಹುದು. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟು ಹೊತ್ತು ಸಮಾಧಾನವಾಗುತ್ತದೆ, ಆಮೇಲೆ ಮತ್ತೆ ಅದೇ.

ಅವಳ ವರ್ಷದ ಪೂಜೆಗೆಂದು ಅಣ್ಣ ಬೀದರಿನ ನಮ್ಮ ಮನೆಗೆ ಬಂದಾಗ ಧೈರ್ಯ ಮಾಡಿ ಕೇಳಿದೆ. "ಅಣ್ಣಾ, ಆವತ್ತ ಕೂಗಿದ್ದು ಯಾರಿಗಿ? ನನಗೇನು?"

ಅವನು ಬೆರಳನ್ನು ನನ್ನ ಎದೆಯ ಮೇಲೆ ಇಟ್ಟ. ಆಮೇಲೆ ಮೆಲ್ಲಗೆ ಎದ್ದು ಹೋಗಿ, ಹಾರ ಹಾಕಿದ ಸುನಂದಾಳ ಫೋಟೋದ ಮೇಲೆ ಅದೇ ಬೆರಳು ಇಟ್ಟ. ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತ. ಅವನ ಬೆನ್ನು ಅಲುಗುತ್ತಿತ್ತು, ಸಪ್ಪಳ ಮಾತ್ರ ಇರಲಿಲ್ಲ.

ಅದು ಹೇಗಾಯಿತು ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಕೂಗು ಅವಳಿಗೂ ಕೇಳಿಸಿತ್ತು. ಕೇಳಿ, ಹಿಗ್ಗಿನಿಂದ ತಲೆಯೆತ್ತಿ ನೋಡಿದಳು. ಆ ಕೂಗು ಕೇಳಿದರೆ ಓಡಬೇಕೆಂದು ನಮ್ಮ ಮನೆಗೆ ಸೊಸೆಯಾಗಿ ಬಂದವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.