ಮುಂದಿನ ಸಾಲಿನ ಕಿವಿ

ಅವನನ್ನು ಎಲ್ಲರೂ ಕರೆಯುವುದು ಮುಂದಿನ ಸಾಲಪ್ಪ ಎಂದು. ಹೆತ್ತವರು ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೂಲೆಯಲ್ಲಿದೆ, ಅದನ್ನು ಯಾರೂ ಓದುವುದಿಲ್ಲ. ವಯಸ್ಸಾದ ರಾಕ್ ಗಾಯಕರು ಯಾವ ಊರಿನಲ್ಲಿ ಹಾಡಿದರೂ ಸರಿ, ಬಸ್ಸೋ ರೈಲೋ ಹಿಡಿದು ಹೋಗಿ, ಆಳೆತ್ತರದ ಸ್ಪೀಕರಿನ ಬುಡದಲ್ಲಿ ಮೊದಲ ಸಾಲಿನಲ್ಲೇ ನಿಲ್ಲದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಹಿಂದೆ ನಿಲ್ಲುವವರನ್ನು ಅವನು ಕೇಳುಗರ ಲೆಕ್ಕಕ್ಕೇ ಸೇರಿಸುವುದಿಲ್ಲ.

"ಹಿಂದೆ ನಿಲ್ಲೋದಾದ್ರೆ ಮನೇಲೇ ರೇಡಿಯೋ ಹಾಕ್ಕೊಂಡು ಮಲಗ್ಲಿ" ಅನ್ನುತ್ತಾನೆ.

ಅವನ ಮೆಚ್ಚಿನ ತಂಡ ಈಗಾಗಲೇ ಮೂರು ಸಲ ವಿದಾಯ ಹೇಳಿದೆ. ಪ್ರತಿ ಸಲವೂ ಪೋಸ್ಟರಿನಲ್ಲಿ 'ಇದೇ ಕೊನೆ' ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಪ್ರತಿ ಸಲವೂ ಇವನು ಕಣ್ಣೀರು ಒರೆಸಿಕೊಂಡು ಬರುತ್ತಾನೆ. ಡ್ರಮ್ ಬಾರಿಸುತ್ತಿದ್ದವನು ಸತ್ತು ಅವನ ಮಗ ಬಂದು ಕೂತಿದ್ದಾನೆ. ಗಿಟಾರಿನವನು ಜಗಳವಾಡಿಕೊಂಡು ಹೋಗಿ ಅದೇ ಹೆಸರಿನ ಇನ್ನೊಂದು ತಂಡ ಕಟ್ಟಿದ್ದಾನೆ. ಹಳಬರಲ್ಲಿ ಉಳಿದಿರುವುದು ಗಾಯಕ ಒಬ್ಬನೇ. ಅವನನ್ನು ವೇದಿಕೆಯ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು; ಹತ್ತಿದ ಮೇಲೆ ಮಾತ್ರ ಬಿಗಿ ಚರ್ಮದ ಪ್ಯಾಂಟಿನಲ್ಲಿ ಎಳೆಗರುವಿನಂತೆ ಕುಣಿಯುತ್ತಾನೆ.

"ಕೂದ್ಲು ಬಣ್ಣ ಹಚ್ಚಿದ್ದಿರಬಹುದು, ಹಲ್ಲು ಕಟ್ಟಿಸಿದ್ದಿರಬಹುದು. ಗಂಟಲು ಮಾತ್ರ ಒಂಚೂರೂ ಕೆಟ್ಟಿಲ್ಲ" ಎಂದು ಸಾಲಪ್ಪ ಕ್ಷೌರದ ಕುರ್ಚಿಯಲ್ಲಿ ಕೂತು ಸಾರುತ್ತಿದ್ದ. ಅವನ ಜೊತೆ ಊರೂರು ಸುತ್ತುವ ಕ್ಷೌರಿಕ ಗೆಳೆಯ ಕತ್ತರಿ ಆಡಿಸುತ್ತಲೇ ಹೂಂಗುಡುತ್ತಿದ್ದ. ಅವನು ಪ್ರತಿ ಸಲವೂ ಕಿವಿಗೆ ಹತ್ತಿ ಇಟ್ಟುಕೊಂಡೇ ನಿಲ್ಲುತ್ತಿದ್ದ ಎನ್ನುವುದು ಸಾಲಪ್ಪನಿಗೆ ಗೊತ್ತಿರಲಿಲ್ಲ.

ಇನ್ನು ಸಾಲಪ್ಪನ ಕಸುಬು. ಕೇಳಿದರೆ ನಗಬೇಡಿ: ಕಿವಿ ಕೇಳಿಸದವರಿಗೆ ಯಂತ್ರ ಮಾರುವುದು. ಅಂಗಡಿಯ ಹಿಂಭಾಗದಲ್ಲಿ ಗಾಜಿನ ಕಿಟಕಿಯ ಒಂದು ಮರದ ಗೂಡಿದೆ. ಗಿರಾಕಿ ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಕಿವುಡರ ಆಟಗಳೆಲ್ಲ ಅವನಿಗೆ ಕರತಲಾಮಲಕ. ಕೆಲವರು ಕಿಟಕಿಯಿಂದ ಅವನ ಕೈ ನೋಡಿ, ಕೈ ಆಡಿದಾಗ ಗುಂಡಿ ಒತ್ತುತ್ತಾರೆ. ಕೆಲವರು ಪ್ರಶ್ನೆ ಮುಗಿಯುವ ಮೊದಲೇ ನಗುತ್ತಾ ತಲೆ ಆಡಿಸುತ್ತಾರೆ. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಆ ತಲೆಯಾಡಿಸುವುದನ್ನು ನಟಿಸಿ ತೋರಿಸುತ್ತಿದ್ದ.

"ಕೇಳೋಕ್ಮುಂಚೆ ಹೌದು ಹೌದು ಅನ್ನೋನು ಇದ್ದಾನಲ್ಲ, ಅವನೇ ಪಕ್ಕಾ ಕಿವುಡ."

ಹೆಂಡತಿ ನಗುತ್ತಿದ್ದಳು. ಆಮೇಲೆ ಆಮೇಲೆ ನಗುವುದನ್ನು ಬಿಟ್ಟಳು.

ಆಕೆ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. 'ಪ್ರಯಾಣಿಕರ ಗಮನಕ್ಕೆ' ಎಂದು ಅವಳು ಶುರುಮಾಡಿದರೆ ಅಳುವ ಮಗುವೂ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಇಡೀ ನಿಲ್ದಾಣಕ್ಕೆ ಅಕ್ಷರ ಅಕ್ಷರವೂ ಕೇಳುತ್ತಿದ್ದ ಆ ದನಿ ಸ್ವಂತ ಅಡುಗೆಮನೆಯಲ್ಲಿ ಗಂಡನಿಗೆ ಕೇಳಿಸುತ್ತಿರಲಿಲ್ಲ.

"ಬಾಯಿ ಬಿಟ್ಟು ಮಾತಾಡು. ಇತ್ತೀಚೆಗೆ ನಿನ್ನ ಗೊಣಗಾಟ ಜಾಸ್ತಿ ಆಯ್ತು" ಎನ್ನುತ್ತಿದ್ದ.

ಮೊದಮೊದಲು ಅವಳು ಎರಡೆರಡು ಸಲ ಹೇಳಿದಳು. "ಒಂದ್ಸಲ ನಿಮ್ಮ ಗೂಡಲ್ಲಿ ನೀವೇ ಕೂತು ನೋಡಿ" ಎಂದಳು. ಅದು ಅವನಿಗೆ ಕೇಳಿಸಿತ್ತೋ ಇಲ್ಲವೋ, ಕಿವಿಗಂತೂ ಹಾಕಿಕೊಳ್ಳಲಿಲ್ಲ. ವರ್ಷಗಳು ಕಳೆದಂತೆ ಅವಳ ಮಾತು ಊಟಕ್ಕೆ ಬನ್ನಿ, ಬಾಗಿಲು ಹಾಕಿ ಎಂಬಲ್ಲಿಗೆ ಇಳಿಯಿತು. ಅದನ್ನೂ ಅವಳು ಕೈಸನ್ನೆಯಲ್ಲೇ ಮುಗಿಸುತ್ತಿದ್ದಳು. ಮನೆ ಎಷ್ಟು ಶಾಂತವಾಗಿದೆ ಎಂದು ಸಾಲಪ್ಪ ಹಿರಿಹಿರಿ ಹಿಗ್ಗಿದ. ಆ ಶಾಂತಿಯ ಕೆಳಗೆ ಹೆಂಗಸೊಬ್ಬಳು ಒಂಟಿಯಾಗುತ್ತಿದ್ದಳು.

ತಂಡ ನಾಲ್ಕನೆಯ ಸಲ 'ಇದೇ ಕೊನೆ' ಎಂದಿತು. ಸಾಲಪ್ಪ ಕಪ್ಪು ಅಂಗಿ ತೊಟ್ಟು, ಗೆಳೆಯನ ಜೊತೆ ನಿಲ್ದಾಣಕ್ಕೆ ಬಂದ. ಗೆಳೆಯ ನೀರಿನ ಬಾಟಲಿ ತರಲು ಹೋದ. ಅಷ್ಟರಲ್ಲಿ ರೈಲು ಎರಡನೆಯ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಪ್ರಕಟಣೆಯಾಯಿತು. ಜನ ಗಂಟುಮೂಟೆ ಎತ್ತಿಕೊಂಡು ಸೇತುವೆ ಹತ್ತಿದರು, ಗೆಳೆಯನೂ ಅತ್ತಲೇ ಓಡಿದ. ಖಾಲಿಯಾದ ಪ್ಲಾಟ್‌ಫಾರಂ ನೋಡಿ ಸಾಲಪ್ಪನಿಗೆ ಖುಷಿಯೋ ಖುಷಿ. ಇಲ್ಲೂ ತಾನೇ ಮುಂದಿನ ಸಾಲು ಎಂದುಕೊಂಡು ಅಂಚಿನಲ್ಲಿ ನಿಂತು, ಕಣ್ಣು ಮುಚ್ಚಿ, ಬರಲಿರುವ ಹಾಡನ್ನು ಗುನುಗುತ್ತಾ ತೂಗಾಡತೊಡಗಿದ.

ಹೆಂಡತಿ ಮೇಲಿನ ಕೋಣೆಯ ಕಿಟಕಿಯಿಂದ ನೋಡಿದಳು. ಪ್ರಕಟಣೆಯನ್ನು ಮತ್ತೆ ಹೇಳಿದಳು, ಮತ್ತೂ ಹೇಳಿದಳು. ಅವನು ತೂಗಾಡುತ್ತಲೇ ಇದ್ದ. ಮೈಕಿನಲ್ಲಿ ಸ್ವಂತ ಮಾತು ಆಡಬಾರದು ಎನ್ನುವುದು ಅಲ್ಲಿನ ಕಟ್ಟುನಿಟ್ಟು, ಇಷ್ಟು ವರ್ಷ ಅವಳು ಅದನ್ನು ಮೀರಿದವಳಲ್ಲ.

"ರೀ, ಕಪ್ಪಂಗಿಯವರೇ, ನಿಮಗೇ ಹೇಳ್ತಿರೋದು. ಆ ಕಡೆ ಹೋಗಿ. ನಿಮ್ಮ ರೈಲು ಆ ಕಡೆ ಇದೆ."

ಇಡೀ ನಿಲ್ದಾಣ ತಿರುಗಿ ನೋಡಿತು. ತಿರುಗದಿದ್ದವನು ಒಬ್ಬನೇ. ರೈಲು ಹೊರಟಿತು, ಅದರ ಬಾಗಿಲಲ್ಲಿ ಬಾಟಲಿ ಹಿಡಿದ ಗೆಳೆಯ ಕೈ ಬೀಸುತ್ತಿದ್ದ. ಕಣ್ಣು ಬಿಟ್ಟ ಸಾಲಪ್ಪ ನೇರ ಮೇಲಿನ ಕೋಣೆಗೆ ನುಗ್ಗಿದ.

"ಸರಿಯಾಗಿ ಹೇಳೋಕಾಗಲ್ವಾ ನಿಂಗೆ? ಇಲ್ಲೂ ಗೊಣಗಾಟವೇ?"

ಅವಳು ಅತ್ತುಬಿಟ್ಟಳು. ನೆಲ ಒರೆಸುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು, ಅವನ ಕಿವಿಯ ಹತ್ತಿರವೇ ಬಂದು ಹೇಳಿದಳು: "ಹೊರಗೆ ಗಾಡಿಯವರಿಗೂ ಕೇಳಿಸ್ತು ಸ್ವಾಮಿ. ನಿಮಗೆ ಮಾತ್ರ ಕೇಳಿಸ್ಲಿಲ್ಲ."

ಮಾರನೆಯ ದಿನ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿಕೊಂಡು, ಸಾಲಪ್ಪ ತನ್ನ ಗೂಡಿನೊಳಗೆ ತಾನೇ ಕೂತ. ಹೊರಗೆ ಪರೀಕ್ಷೆಯ ಯಂತ್ರದ ಮುಂದೆ ಹೆಂಡತಿ. ಅವನು ಚಕಚಕ ಗುಂಡಿ ಒತ್ತಿದ. ಅವಳು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು.

"ನನ್ನ ಕೈ ನೋಡ್ಬೇಡಿ."

ಆಮೇಲೆ ಗುಂಡಿ ಬಹಳ ಹೊತ್ತು ಸುಮ್ಮನಿತ್ತು. ತಾನು ಅಣಕಿಸಿ ನಕ್ಕಿದ್ದ ಗಿರಾಕಿಗಳೆಲ್ಲರ ಮುಖ ಅವನಿಗೆ ಆ ಗೋಡೆಯಲ್ಲಿ ಕಂಡಿರಬೇಕು.

ಕಿವಿಗೆ ಯಂತ್ರ ಹಾಕಿಕೊಂಡ ಮೇಲೆ ಮನೆ ಬೇರೆಯೇ ಆಯಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ತನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಂದು ಗೊತ್ತಾಯಿತು. ಅಡುಗೆಮನೆಯಿಂದ ಯಾವುದೋ ರಾಗ ಬಂತು.

"ನೀನು ಹಾಡ್ತೀಯಾ?"

"ಮದುವೆಯಾದಾಗಿಂದ."

ಅವಳು ವರ್ಷಗಟ್ಟಲೆ ಕೂಡಿಟ್ಟ ಮಾತನ್ನೆಲ್ಲ ಹೊರಗೆ ತೆಗೆದಳು. ಮೇಲಧಿಕಾರಿ ಬೈದದ್ದು, ತಂಗಿಯ ಸಿಟ್ಟು, ಕಿಟಕಿಯಿಂದ ಕಂಡ ಜಗಳಗಳು, ಎಲ್ಲ. ಸಾಲಪ್ಪ ಕೇಳಿದ. ಅವಳು ಸುಖವಾಗಿದ್ದಳು, ನಿಜಕ್ಕೂ ಸುಖವಾಗಿದ್ದಳು.

ಇತ್ತ ತಂಡವು ಜನರ ಒತ್ತಾಯಕ್ಕೆ ಮಣಿದು ಕೊನೆಯನ್ನು ಇನ್ನೊಂದಿಷ್ಟು ಊರುಗಳಿಗೆ ಹಿಗ್ಗಿಸಿತು. ಈ ಸಲ ಹೆಂಡತಿಯೂ ಹೊರಟಳು. ರೈಲಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು, ಬೇರೆಯವರ ಪ್ರಕಟಣೆಗಳಿಗೆ ಮೂಗು ಮುರಿದಳು. ಇಬ್ಬರೂ ಮೊದಲ ಸಾಲಿನಲ್ಲೇ ನಿಂತರು.

"ನೋಡಿ, ಅವನ ಕಿವೀಲೂ ಏನೋ ಇದೆ. ನಿಮ್ಮ ಹಾಗೇ" ಎಂದಳು ಹೆಂಡತಿ, ವೇದಿಕೆ ತೋರಿಸಿ.

ಗಾಯಕ ಬಾಯಿ ತೆರೆದ. ಸಾಲಪ್ಪನಿಗೆ ಮೊದಲು ಯಂತ್ರ ಕೆಟ್ಟಿದೆ ಅನ್ನಿಸಿತು. ತುಕ್ಕು ಹಿಡಿದ ಗೇಟನ್ನು ಯಾರೋ ಎಳೆಯುತ್ತಿದ್ದರು. ಎತ್ತರದ ಸ್ವರ ಬಂದಾಗ ಗಾಯಕ ಮೈಕನ್ನು ಜನರ ಕಡೆ ಚಾಚುತ್ತಿದ್ದ, ಹಿಂದೆ ನಿಂತ ಇಬ್ಬರು ಹುಡುಗಿಯರು ಅವನ ಪಾಲಿನದನ್ನೂ ಹಾಡಿ ಮುಗಿಸುತ್ತಿದ್ದರು. ಸಾಲು ಸಾಲಿನ ನಡುವೆ ಏದುಸಿರು. ಯಂತ್ರ ಕೆಟ್ಟಿರಲಿಲ್ಲ, ಅದು ಅಂಗಡಿಯಲ್ಲೇ ಒಳ್ಳೆಯ ಯಂತ್ರ. ಇಷ್ಟು ವರ್ಷ ಗಂಟಲು ಕೆಡದಂತೆ ಕಾಪಾಡಿದ್ದು ತನ್ನ ಕಿವುಡೇ ಎಂದು ಅವನಿಗೆ ತಿಳಿಯಿತು.

"ಪಾಪ, ಗಂಟಲು ಪೂರ್ತಿ ಹೋಗಿದೆ" ಎಂದಳು ಹೆಂಡತಿ. ಅದೂ ಸ್ಪಷ್ಟವಾಗಿ ಕೇಳಿಸಿತು.

ಸಾಲಪ್ಪ ತಲೆ ಕೆರೆದುಕೊಳ್ಳುವವನಂತೆ ಎರಡೂ ಕೈ ಎತ್ತಿದ. ಎರಡೂ ಯಂತ್ರಗಳು ಕಪ್ಪಂಗಿಯ ಜೇಬಿಗೆ ಇಳಿದವು. ಕೂಡಲೇ ಎದೆಗೆ ಗುದ್ದುವ ಹಳೆಯ ಗುಡುಗು ಬಂತು, ಅದರ ಮೇಲೆ ಇಪ್ಪತ್ತೈದರ ಹರೆಯದ ಆ ಕಂಠ, ಒಂಚೂರೂ ಕೆಡದೆ. ಅವನು ಕಣ್ಣು ಮುಚ್ಚಿ ತೂಗಾಡತೊಡಗಿದ.

ಹೆಂಡತಿ ಏನೋ ಹೇಳುತ್ತಿದ್ದವಳು ನಿಲ್ಲಿಸಿ, ಅವನ ತೋಳು ಹಿಡಿದು ಅಲ್ಲಾಡಿಸಿದಳು.

"ರೀ, ಯಂತ್ರ ತೆಗೆದುಬಿಟ್ರಾ?"

ಅವಳ ಮಾತು ಮುಗಿಯುವ ಮೊದಲೇ ಸಾಲಪ್ಪ ಅವಳ ಕಡೆ ತಿರುಗಿ, ಮುಖ ತುಂಬ ನಗುತ್ತಾ ತಲೆ ಆಡಿಸಿದ.

"ಹೌದು ಹೌದು" ಎಂದ.