ಅತ್ತೆಯ ಸೀರೆ ಸುತ್ತಿದ ಫಿರಂಗಿ

ಅತ್ತೆ ಕಾವೇರಮ್ಮ ತೀರಿಕೊಂಡ ದಿನ ಮಾವ ಪೊನ್ನಣ್ಣ ಕೇಳಿದ್ದು ಒಂದೇ ಮಾತು: "ಗುಂಡು ಹಾರಿಸೋರು ಯಾರು?" ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ನಾವು ವಾಟ್ಸ್ಯಾಪ್‌ನಲ್ಲಿ ತಿಳಿಸಿದೆವು. ಆಮೇಲೆ ಮಾವ ಅಳಲೂ ಇಲ್ಲ, ಮನೆಯಿಂದ ಹೊರಗೆ ಹೋಗಲೂ ಇಲ್ಲ. ನಾನೂ ಅಳಲಿಲ್ಲ. ಮಗಳು ಕೃತಿಗೆ ಡಬ್ಬಿ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದೆ.

ಮೇ ತಿಂಗಳಲ್ಲಿ, ಓಖ್ಲಾದ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ ಚರಂಡಿ ಅಗೆಯುವಾಗ ಕೆಸರಿನಲ್ಲಿ ಒಂದು ಫಿರಂಗಿ ಸಿಕ್ಕಿತು. ಬ್ರಿಟಿಷರ ಕಾಲದ ಹಡಗಿನದ್ದು, ನದಿಯಲ್ಲಿ ದೋಣಿ ಮೇಲೆ ಬಂದಿರಬೇಕು ಅಂದರು. ಮಾವ ನೌಕಾಪಡೆಯಲ್ಲಿ ಫಿರಂಗಿಗಳ ನಡುವೆಯೇ ಇದ್ದವರು. ಮನೆಯಿಂದ ಹೊರಗೆ ಬಂದಾರು ಅಂತ ಕರೆದುಕೊಂಡು ಹೋದೆ. ಅವರು ತಂತಿ ಬ್ರಷ್ ಹಿಡಿದು ಉಜ್ಜಲು ಕೂತರು. ಹಡಗಿನಲ್ಲಿ ಕಲಿತದ್ದು ಅದೇ, ಎಲ್ಲ ಹೊಳೆಯಬೇಕು. ಅಷ್ಟರಲ್ಲಿ ಮ್ಯೂಸಿಯಂನಿಂದ ಬಂದ ಅಹಲ್ಯಾ, ಮೈಸೂರಿನ ಹುಡುಗಿ, ಅವರ ಕೈ ಹಿಡಿದು ನಿಲ್ಲಿಸಿದಳು.

"ಅಂಕಲ್, ಇಲ್ಲೊಂದು ಕಿರೀಟದ ಗುರುತಿತ್ತು. ಅರ್ಧ ಹೋಗಿದೆ."

"ನಾನೇ ಕೆಡಿಸಿದೆನಾ?"

"ಉಳಿದದ್ದನ್ನ ಉಳಿಸೋಣ. ಒಳಗಿನ ಉಪ್ಪು ಬಿಡಿಸೋಕೆ ನೀರಲ್ಲಿ ಮುಳುಗಿಸಿಡಬೇಕು, ನಮ್ಮ ತೊಟ್ಟಿ ಸಿದ್ಧ ಆಗೋಕೆ ಒಂದು ವಾರ ಬೇಕು. ಅಷ್ಟರೊಳಗೆ ಇದು ಒಣಗಿತೋ, ಬಿರುಕು ಬಿಟ್ಟು ಪದರ ಪದರ ಉದುರತ್ತೆ. ಒದ್ದೆ ಬಟ್ಟೆ ಸುತ್ತಿಡಬೇಕು."

ಮೊದಲು ಒದ್ದೆ ಗೋಣಿಚೀಲ ಸುತ್ತಿದೆವು, ಬಿಸಿಗಾಳಿಗೆ ಅದು ನೋಡನೋಡುತ್ತಲೇ ಒಣಗುತ್ತಿತ್ತು. ಮರುದಿನ ಬೆಳಿಗ್ಗೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತರು.

"ಲಾವಣ್ಯಾ, ಅವಳ ಹತ್ತಿ ಸೀರೆಗಳಿವೆಯಲ್ಲ. ಕೊಡ್ತೀಯಾ?"

ಕೃತಿಗೆ ಕೌದಿ ಹೊಲಿಸಬೇಕೆಂದು ಅವನ್ನು ಎತ್ತಿಟ್ಟಿದ್ದೆ. ಎರಡು ಉಳಿಸಿಕೊಂಡು ಮಿಕ್ಕವನ್ನು ಕೊಟ್ಟೆ. ಮಾವ ಅವನ್ನು ನೆನೆಸಿ ಫಿರಂಗಿಗೆ ಸುತ್ತಿದರು. ಸೆರಗಿನ ಅಂಚು ಬಿಚ್ಚಿಕೊಳ್ಳದಂತೆ ನಾನೇ ಗಂಟು ಹಾಕಿದೆ.

ವಾರವಿಡೀ ಮಾವ ಕೊಡೆ ಹಿಡಿದು, ಮಗ್ಗಿನಿಂದ ನೀರು ಹಾಕುತ್ತ ಕೂತರು. ಭಾನುವಾರ ಕೃತಿಯೂ ಬಂದಳು.

"ಅಜ್ಜಾ, ಇಸ್ಕೋ ಬುಖಾರ್ ಹೈ ಕ್ಯಾ?"

"ಹೂಂ, ಜ್ವರಾನೇ. ನೀನು ಕಾಲಿನ ಕಡೆ ಹಾಕು."

"ಇಸ್ಕೇ ಪೈರ್ ನಹೀ ಹೈ, ಅಜ್ಜಾ."

"ಹಾಗಾದ್ರೆ ಬಾಲದ ಕಡೆ."

ತೊಟ್ಟಿ ಸಿದ್ಧವಾದ ದಿನ ಲಾರಿಯ ಹಿಂದೆ ಆಟೊದಲ್ಲಿ ಮ್ಯೂಸಿಯಂ ಗೋದಾಮಿಗೆ ಹೋದೆವು. ಸೀರೆಗಳನ್ನು ಮಾವನೇ ಬಿಚ್ಚಿದರು, ತುಕ್ಕಿಗೆ ಎಲ್ಲ ಕೆಂಪಾಗಿದ್ದವು. ಅಹಲ್ಯಾ ಟಾರ್ಚ್ ಬಿಟ್ಟು ಉದ್ದಕ್ಕೂ ನೋಡಿದಳು.

"ಎಲ್ಲೂ ಬಿರುಕಿಲ್ಲ ಅಂಕಲ್."

"ಅಚ್ಛಾ," ಅಂದರು ಮಾವ.

ಸರಪಳಿಯಲ್ಲಿ ಫಿರಂಗಿ ನಿಧಾನವಾಗಿ ನೀರಿಗಿಳಿಯಿತು.

"ಇನ್ನು ನಾನೇನು ಮಾಡಲಿ?"

"ಏನೂ ಬೇಡ ಅಂಕಲ್. ಇನ್ನು ಮಾಡೋದೆಲ್ಲ ನೀರೇ."

ಮಾವ ಖಾಲಿ ಮಗ್ಗು ಹಿಡಿದುಕೊಂಡೇ ನಿಂತಿದ್ದರು. ನಾನು ಒದ್ದೆ ಸೀರೆಗಳನ್ನು ಹಿಂಡಿ ಚೀಲಕ್ಕೆ ತುಂಬಿದೆ, ಆಟೊ ಕರೆಯಲು ಹೊರಗೆ ಹೋದೆ.